ಹಸಿರು ಗೌನಿನ ಆರ್ಡಿಸ್ ತಿರುಗಿ ನೋಡಿದ್ದು

ಸಂಜೆ ಐದಾಯಿತೆಂದರೆ ಮಿಸೆಸ್ ಬೋಲ್ಟ್ ಅವರ ಬಾಡಿಗೆಮನೆಯ ಹಜಾರದಲ್ಲಿ ಟೆಲಿಫೋನಿನ ಮುಂದೆ ಹೆಂಗಸರ ಸಾಲು. ಒಬ್ಬೊಬ್ಬರೂ ಫೋನೆತ್ತಿ ಹೆಸರು ಹೇಳುವುದು, ಆ ಕಡೆ ಕೆಲಸ ಹಂಚುವ ಕಾಸ್ಟಿಂಗ್ ಆಫೀಸಿನ ಹುಡುಗಿ "ಕೆಲ್ಸ ಇಲ್ಲ, ಆಮೇಲೆ ನೋಡಿ" ಅನ್ನುವುದು, ಇವರು ಇಡುವುದು. ಹಾಲಿವುಡ್ಡಿನಲ್ಲಿ ಸೀನು ತುಂಬಿಸಲು ಹಿಂದೆ ನಿಲ್ಲುವ ಎಕ್ಸ್‌ಟ್ರಾಗಳ ಬದುಕು ಇದ್ದದ್ದೇ ಆ ನಾಲ್ಕು ಮಾತಿನಲ್ಲಿ. ಆರ್ಡಿಸ್ ಕೆಸ್ಲರ್ ಹನ್ನೊಂದು ವರ್ಷ ಅದನ್ನು ಕೇಳಿದ್ದಳು. ಆದರೂ ಪ್ರತಿ ಸಂಜೆ ಫೋನೆತ್ತುವ ಮುಂಚೆ ಸೆರಗು ಸರಿಮಾಡಿಕೊಳ್ಳುವವರ ಹಾಗೆ ಕೂದಲು ಸರಿಮಾಡಿಕೊಳ್ಳುತ್ತಿದ್ದಳು.

ಆರ್ಡಿಸ್‌ಗೆ ನಲವತ್ತನಾಲ್ಕು. ನೆಬ್ರಾಸ್ಕಾದಲ್ಲಿ ತಾಯಿ ಊರವರ ಬಟ್ಟೆ ಒಗೆದು ಸಾಕಿದ ಮಗಳು. ಅವಳ ಆಸ್ತಿಯೆಂದರೆ ಒಂದೇ ಒಂದು ಹಸಿರು ರೇಷ್ಮೆ ಗೌನು. ಸ್ವಂತ ಗೌನಿದ್ದವರನ್ನು ನೃತ್ಯದ ಸೀನಿಗೆ, ಔತಣದ ಸೀನಿಗೆ ಕರೆಯುತ್ತಿದ್ದರು. ಇಲ್ಲದವರು ಸಂತೆ, ಜಾತ್ರೆ, ದೊಂಬಿ ಎಂದು ಧೂಳು ಕುಡಿಯಬೇಕು. ಗೌನಿನಷ್ಟೇ ಬೆಲೆಯ ಇನ್ನೊಂದು ಗುಣ ಅವಳಲ್ಲಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನವೂ ಅವಳು ಕ್ಯಾಮೆರಾ ಕಡೆ ಕಣ್ಣೆತ್ತಿರಲಿಲ್ಲ. ಇದ್ದೂ ಇಲ್ಲದ ಹಾಗೆ ನಿಲ್ಲುವುದು ಅವಳಿಗೆ ಕರಗತವಾಗಿತ್ತು.

ಅವಳ ಕೋಣೆಯ ಜೊತೆಗಾತಿ ವೆಲ್ಮಾ ಟ್ರಾಸ್ಕ್. ಅವಳೂ ಎಕ್ಸ್‌ಟ್ರಾ, ಅವಳಿಗೂ ಒಂದು ಕಪ್ಪು ಗೌನು. ಏಳು ವರ್ಷ ಒಂದೇ ಒಲೆಯ ಮೇಲೆ ಇಬ್ಬರ ಕಾಫಿ ಕುದಿದಿತ್ತು.

ಆ ವರ್ಷ ಚಳಿಗಾಲದಲ್ಲಿ ಅಂಚೆಯವನು ಇಬ್ಬರಿಗೂ ಒಂದೊಂದು ಉದ್ದ ಲಕೋಟೆ ತಂದುಕೊಟ್ಟ. ವರ್ಷದ ಸಿನಿಮಾ ಪ್ರಶಸ್ತಿಯ ಮತಚೀಟಿ. ಉತ್ತಮ ನಟಿಗೆ ಕೊಡುವ ಚಿನ್ನದ ಬೊಂಬೆ ಯಾರಿಗೆ ಸಲ್ಲಬೇಕೆಂದು ಗುರುತು ಹಾಕುವ ಹಕ್ಕು ಆ ಕಾಲದಲ್ಲಿ ಎಕ್ಸ್‌ಟ್ರಾಗಳಿಗೂ ಇತ್ತು.

"ನೋಡ್ದೇನೆ ವೆಲ್ಮಾ, ನಮಗೆ ಊಟಕ್ಕೆ ಕುರ್ಚಿ ಕೊಡದವರು ವೋಟು ಕೊಟ್ಟವ್ರೆ" ಎಂದಳು ಆರ್ಡಿಸ್.

"ಸುಮ್ನೆ ಕೊಡ್ತಾರೇನೇ? ಇದಕ್ಕೂ ಒಂದು ಬಾಲ ಇರುತ್ತೆ, ನೋಡ್ತಾ ಇರು."

ಬಾಲ ಮಾರನೆಯ ದಿನವೇ ಕಂಡಿತು. ಇಬ್ಬರೂ ಆಗ ಪೊಮೆರಾಯ್ ಸ್ಟುಡಿಯೊದ ದೊಡ್ಡ ಚಿತ್ರದಲ್ಲಿ ನೃತ್ಯದ ಸೀನಿಗೆ ಹೋಗುತ್ತಿದ್ದರು. ನಾಯಕಿ ಲಿಯೊನೋರಾ ವೇಲ್. ಹಿಂದಿನ ಚಿತ್ರಕ್ಕಾಗಿ ಬೊಂಬೆಯ ಪಟ್ಟಿಯಲ್ಲಿ ಆಕೆಯ ಹೆಸರೂ ಇತ್ತು. ಎಕ್ಸ್‌ಟ್ರಾಗಳನ್ನು ನಿಲ್ಲಿಸುವ, ಕೂರಿಸುವ, ಬೈಯುವ ಅಸಿಸ್ಟೆಂಟ್ ಡೈರೆಕ್ಟರ್ ಲೊಮ್ಯಾಕ್ಸ್ ಮಧ್ಯಾಹ್ನದ ಹೊತ್ತಿಗೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದವರ ನಡುವೆ ಬಂದು ನಿಂತ.

"ಎಲ್ರಿಗೂ ಚೀಟಿ ಬಂದಿದೆ ತಾನೆ? ನಮ್ಮ ಅಮ್ಮಾವ್ರಿಗೇ ಹಾಕ್ತೀರ ಅಂತ ನಂಗೊತ್ತು. ಬಲವಂತ ಏನಿಲ್ಲಪ್ಪ. ಗುರುತು ಹಾಕಿ, ಅಂಚೆಗೆ ಹಾಕೋ ಮುಂಚೆ ಒಂದ್ಸಲ ನನ್ ಕಣ್ಣಿಗೆ ತೋರ್ಸಿ. ಯಾರು ನಮ್ಮೋರು ಅಂತ ನಮಗೂ ಗೊತ್ತಾಗ್ಬೇಕಲ್ಲ."

ನಗುತ್ತಲೇ ಹೇಳಿದ. ನಗುತ್ತಾ ಹೇಳಿದ್ದಕ್ಕೇ ಆರ್ಡಿಸ್ ಅರ್ಧ ತಿಂದ ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿಟ್ಟಳು. ಯಾಕೆಂದರೆ ಅವಳು ಮನಸ್ಸಿನಲ್ಲಿ ಆಗಲೇ ಬೇರೆಯವಳಿಗೆ ಹಾಕಿಯಾಗಿತ್ತು. ಪಟ್ಟಿಯಲ್ಲಿ ಮಿನರ್ವಾ ಗಾಲ್ಟ್ ಎಂಬವಳಿದ್ದಳು. ಹಿಂದೆ ಎಕ್ಸ್‌ಟ್ರಾ ಆಗಿದ್ದವಳು, ಒಮ್ಮೆ ಆರ್ಡಿಸ್‌ಳ ಗೌನಿನ ಅಂಚು ಹರಿದಾಗ ನೆಲದ ಮೇಲೆ ಕೂತು ಹೊಲಿದುಕೊಟ್ಟವಳು. ಈಗ ಬೇರೆ ಸ್ಟುಡಿಯೊದ ಚಿತ್ರವೊಂದರಲ್ಲಿ ಅಗಸಗಿತ್ತಿಯ ಪಾತ್ರ ಮಾಡಿದ್ದಳು. ಸೋಪಿನ ನೀರಿನಿಂದ ಕೈ ಎತ್ತಿ, ಒರೆಸಿಕೊಳ್ಳದೆ, ಹಾಗೇ ಸುಮ್ಮನೆ ನೋಡುತ್ತಾಳೆ. ಅದು ಆರ್ಡಿಸ್‌ಳ ತಾಯಿಯ ಕೈ. ಥಿಯೇಟರಿನಲ್ಲಿ ಅವಳು ಎದ್ದು ಹೊರಗೆ ಹೋಗಿ ಅತ್ತು ಬಂದಿದ್ದಳು.

ಭಾನುವಾರ ಮೇಜಿನ ಮುಂದೆ ಕೂತು ಗಾಲ್ಟ್ ಹೆಸರಿಗೆ ಗುರುತು ಹಾಕಿದಳು. ವೆಲ್ಮಾ ಬೆನ್ನಹಿಂದೆ ಕಪ್ಪು ಗೌನನ್ನು ಇಸ್ತ್ರಿ ಮಾಡುತ್ತಿದ್ದಳು. ಇದ್ದಕ್ಕಿದ್ದಂತೆ ಇಸ್ತ್ರಿಯ ಸದ್ದು ನಿಂತಿತು. ಆರ್ಡಿಸ್ ಚೀಟಿಯ ಮೇಲೆ ಅಂಗೈ ಮುಚ್ಚಿದಳು.

"ಏನೇ ಅದು, ಪರೀಕ್ಷೆ ಬರೆಯೋ ಹುಡುಗಿ ತರ ಮುಚ್ಕೋತಿ? ನಂಗ್ಯಾಕೆ ಬೇಕು ನಿನ್ನ ವೋಟು?"

"ಬೇಡ್ದಿದ್ರೆ ಇಸ್ತ್ರಿ ಯಾಕೆ ನಿಲ್ಲಿಸ್ದೆ?"

"ಬಟ್ಟೆ ತಿರುಗಿಸ್ಬೇಡ್ವೇನೇ ಮಾರಾಯ್ತಿ!"

ಆರ್ಡಿಸ್ ಆಗಲೇ ಎದ್ದು ಲಕೋಟೆಯನ್ನು ಮೂಲೆಯ ಅಂಚೆಪೆಟ್ಟಿಗೆಗೆ ಹಾಕಿ ಬಂದಳು. ವಾಪಸ್ಸು ಬರುವಾಗ ಒಂದು ವಿಷಯ ತಲೆಗೆ ಹೊಕ್ಕಿತು. ಆ ಮೇಜಿನ ಮುಂದೆ ಗೋಡೆಗೆ ಕನ್ನಡಿ ಇತ್ತಲ್ಲ.

ಸೋಮವಾರ ಲೊಮ್ಯಾಕ್ಸ್ ಕೇಳಿದಾಗ, "ಅಯ್ಯೋ, ಮರೆತು ಅಂಚೆಗೆ ಹಾಕ್ಬಿಟ್ಟೆ ಸಾರ್" ಎಂದಳು. ಅವನು ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಮರೆತ್ರಾ? ಆಗ್ಲಿ, ಆಗ್ಲಿ."

ಆ ಎರಡು 'ಆಗ್ಲಿ'ಗಳನ್ನು ಅವಳು ಬಾಯಲ್ಲಿಟ್ಟುಕೊಂಡು ಬೆಳಗ್ಗೆಯೆಲ್ಲ ಅಗಿದಳು. ಆಮೇಲೆ ಶೂಟಿಂಗ್ ಶುರುವಾಯಿತು. ಲಿಯೊನೋರಾ ವೇಲ್ ಮೆಟ್ಟಿಲಿಳಿದು ಬಂದು ಅಳಬೇಕು. ಆರ್ಡಿಸ್ ಆಕೆಯ ಭುಜದ ಹಿಂದೆ ಬೀಸಣಿಗೆ ಆಡಿಸುತ್ತಾ ನಿಲ್ಲಬೇಕು. ದೀಪ ಹತ್ತಿತು, ಕ್ಯಾಮೆರಾ ಓಡಿತು, ಸಂಗೀತ ಮೊದಲಾಯಿತು. ಆಗ ಕ್ಯಾಮೆರಾದ ಪಕ್ಕದ ಕತ್ತಲಲ್ಲಿ ಏನೋ ಮಿಸುಕಾಡಿದಂತಾಯಿತು. ಲೊಮ್ಯಾಕ್ಸ್ ಬಗ್ಗಿ ಯಾರದೋ ಕಿವಿಯಲ್ಲಿ ಏನೋ ಕೇಳುತ್ತಿದ್ದ. ಕಪ್ಪು ಗೌನು. ವೆಲ್ಮಾ! ವೆಲ್ಮಾ ಅವನ ಕಿವಿಗೆ ಏನೋ ಹೇಳಿದಳು, ಅವನು ತಲೆಯಾಡಿಸಿದ.

ಹನ್ನೊಂದು ವರ್ಷ ಕಣ್ಣೆತ್ತದವಳು ಆಗ ಬೀಸಣಿಗೆ ಇಳಿಸಿ, ಕತ್ತು ತಿರುಗಿಸಿ ಕ್ಯಾಮೆರಾದ ಕಡೆಗೇ ನೇರವಾಗಿ ನೋಡಿದಳು. ಎರಡೇ ಎರಡು ಕ್ಷಣ. ಯಾರೂ ಏನೂ ಅನ್ನಲಿಲ್ಲ. ನಾಯಕಿ ಚೆನ್ನಾಗಿ ಅತ್ತಳೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಮಂಗಳವಾರ ಸಂಜೆ ಆರ್ಡಿಸ್ ಫೋನೆತ್ತಿದಳು. "ಕೆಲ್ಸ ಇಲ್ಲ, ಆಮೇಲೆ ನೋಡಿ." ಬುಧವಾರವೂ ಅದೇ. ಗುರುವಾರವೂ ಅದೇ. ಒಂಬತ್ತು ದಿನ ಅದೇ. ಉಳಿದ ಸ್ಟುಡಿಯೊಗಳಲ್ಲಿ ಆಗ ಕೆಲಸ ಕಡಿಮೆ, ಇದ್ದದ್ದು ಪೊಮೆರಾಯ್‌ನಲ್ಲಿ. ವೆಲ್ಮಾ ಮಾತ್ರ ದಿನಾ ಬೆಳಗ್ಗೆ ಕಪ್ಪು ಗೌನನ್ನು ತೋಳಿನ ಮೇಲೆ ಹಾಕಿಕೊಂಡು ಅದೇ ಚಿತ್ರಕ್ಕೆ ಹೋಗುತ್ತಿದ್ದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ವೆಲ್ಮಾ ಹೊಸ ಕೈಗವಸು ಹಾಕಿಕೊಂಡರೆ, ಯಾರು ಕೊಟ್ಟರು? ವೆಲ್ಮಾ ಮಾತಾಡದಿದ್ದರೆ, ಬಾಯಿ ಬಿಟ್ಟರೆ ಸಿಕ್ಕಿಬೀಳುತ್ತಾಳೆಂದು. ಮಾತಾಡಿದರೆ, ಬಾಯಿ ಬಿಡಿಸುವುದಕ್ಕೆಂದು. "ಸೂಪು ಇಟ್ಟಿದೀನಿ, ತಿನ್ನೇ" ಎಂದರೆ ಅದೂ ಪಾಪಪರಿಹಾರದ ಸೂಪೇ. ಆರ್ಡಿಸ್ ತಿನ್ನುತ್ತಿದ್ದಳು, ಹಸಿವಿಗೆ ಮಾನವೆಲ್ಲಿ. ಆದರೆ ಪ್ರತಿ ಚಮಚಕ್ಕೂ ಒಮ್ಮೆ ವೆಲ್ಮಾಳ ಮುಖ ನೋಡುತ್ತಿದ್ದಳು.

"ಏನೇ ಹಂಗೆ ನೋಡ್ತಿ? ಉಪ್ಪು ಜಾಸ್ತಿ ಆಯ್ತಾ?"

"ಇಲ್ಲ. ಎಲ್ಲಾ ಸರಿಯಾಗೇ ಬಿದ್ದಿದೆ."

ಹತ್ತನೆಯ ದಿನ ವೆಲ್ಮಾ ತಲೆಗೆ ಬಣ್ಣ ಹಚ್ಚಿಕೊಂಡು ಬಚ್ಚಲಲ್ಲಿದ್ದಾಗ ಫೋನು ಹೊಡೆದುಕೊಂಡಿತು. ಹಜಾರದಲ್ಲಿದ್ದವಳು ಆರ್ಡಿಸ್ ಒಬ್ಬಳೇ.

"ವೆಲ್ಮಾ ಟ್ರಾಸ್ಕ್‌ಗೆ ಹೇಳಿ. ನಾಳೆ ಬೆಳಗ್ಗೆ ಏಳಕ್ಕೆ, ಪೊಮೆರಾಯ್, ಲೊಮ್ಯಾಕ್ಸ್ ಅವರ ಸೆಟ್ಟು, ಗೌನು ತರಬೇಕು."

"ಹೇಳ್ತೀನಿ" ಎಂದಳು ಆರ್ಡಿಸ್.

ವೆಲ್ಮಾ ತಲೆಗೆ ಟವೆಲ್ ಸುತ್ತಿಕೊಂಡು ಬಂದು, "ಯಾರದೇ ಫೋನು?" ಎಂದಳು.

"ಯಾರೋ ರಾಂಗ್ ನಂಬರು."

ವೆಲ್ಮಾ ತಾನೇ ಫೋನಿಗೆ ಕೂತು ಮೂರು ಸಲ ತಿರುಗಿಸಿದಳು. ಊರಿನ ಎಕ್ಸ್‌ಟ್ರಾಗಳೆಲ್ಲ ಅದೇ ಹೊತ್ತಿಗೆ ಕರೆಯುವುದು, ಲೈನು ಸಿಗಲಿಲ್ಲ. "ಹಾಳಾಗ್ಲಿ, ನಾಳೆ ನಿದ್ದೆನಾದ್ರೂ ಮಾಡ್ತೀನಿ" ಎಂದು ಎದ್ದು ಹೋದಳು.

ಬೆಳಗ್ಗೆ ಅವಳು ಮಗ್ಗುಲಾಗಿ ಮಲಗಿದ್ದಾಗ ಆರ್ಡಿಸ್ ಹಸಿರು ಗೌನನ್ನು ಮಡಚಿಕೊಂಡು ಟ್ರಾಮು ಹತ್ತಿದಳು. ವೆಲ್ಮಾಗೆ ಮೈ ಸರಿಯಿಲ್ಲ, ಬದಲಿಗೆ ನಾನು ಬಂದೆ ಅನ್ನುವುದು. ಲೊಮ್ಯಾಕ್ಸ್‌ನ ಮುಖವನ್ನು ನೋಡುವುದು. ಅವನ ಕಣ್ಣೇ ಹೇಳುತ್ತದೆ. ಚಾಡಿ ಹೇಳಿದವಳ ಜಾಗದಲ್ಲಿ ಚಾಡಿಗೆ ಸಿಕ್ಕಿದವಳು ನಿಂತರೆ ಯಾವ ತಪ್ಪು?

ಲೊಮ್ಯಾಕ್ಸ್ ಸೆಟ್ಟಿನ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತಿದ್ದ. ಇವಳನ್ನು ಕಂಡು ಎರಡೂ ಕೈ ಮೇಲೆತ್ತಿದ.

"ನೀವ್ಯಾಕ್ರೀ ಬಂದ್ರಿ? ಯಾರು ಕರೆದ್ರು ನಿಮ್ಮನ್ನ?"

"ಯಾಕೆ ಸಾರ್, ನಾನು ಬರಬಾರ್ದಾ? ನಾನು ನಿಮ್ಮೋಳಲ್ಲ ಅಂತ ಗೊತ್ತಾಯ್ತಾ?"

"ಯಾವ ನಮ್ಮೋಳು? ತಾಯಿ, ನಿಮ್ಮ ಮುಖ ಕಂಡುಬಿಟ್ಟಿದೆ ಕಣ್ರೀ! ಆವತ್ತು ಮೆಟ್ಟಿಲ ಸೀನಲ್ಲಿ ತಿರುಗಿ ನೋಡಿದ್ರಲ್ಲ, ಗೂಬೆ ನೋಡ್ದಂಗೆ. ಅಮ್ಮಾವ್ರು ಅದೇ ಟೇಕಲ್ಲಿ ಚೆನ್ನಾಗಿ ಅತ್ರು ಅಂತ ಡೈರೆಕ್ಟ್ರು ಅದನ್ನೇ ಇಟ್ಕೊಂಡ್ರು. ಕಥೇಲಿ ಆ ನೃತ್ಯ ಪ್ಯಾರಿಸ್‌ದು, ಇವತ್ತಿಂದು ವಿಯೆನ್ನಾದ್ದು; ಅಲ್ಲಿ ಅಷ್ಟು ದೊಡ್ಡದಾಗಿ ಕಂಡ ಮುಖ ಇಲ್ಲಿ ಹೆಂಗೆ ನಿಲ್ಲುತ್ತೆ? ಈ ಚಿತ್ರ ಮುಗಿಯೋ ತಂಕ ನಿಮ್ಮನ್ನ ಕರೀಬೇಡಿ ಅಂತ ನಾನೇ ಹೇಳಿದ್ದು."

ಆರ್ಡಿಸ್‌ಳ ತೋಳಿನ ಮೇಲಿದ್ದ ಗೌನು ಜಾರಿತು. ಹಿಡಿದುಕೊಂಡಳು.

"ಮತ್ತೆ... ವೋಟು?"

"ಅದಕ್ಕೇನಾಯ್ತು? ವೆಲ್ಮಾ ಆವತ್ತೇ ಹೇಳಿದ್ಳಲ್ಲ. ನಿನ್ನ ಜೊತೆಗಾತಿ ಯಾರಿಗೆ ಹಾಕಿದ್ಳೇ ಅಂತ ಕೇಳಿದ್ದಕ್ಕೆ, ನಮ್ಮ ಅಮ್ಮಾವ್ರಿಗೇ ಹಾಕಿದ್ಳು ಸಾರ್, ಕನ್ನಡೀಲಿ ಕಣ್ಣಾರೆ ನೋಡ್ದೆ ಅಂತ ಆಣೆ ಮಾಡಿದ್ಳು. ಎಲ್ಲಿ ಅವಳು?"

ಕನ್ನಡಿಯಲ್ಲಿ ನೋಡಿದ್ದವಳಿಗೆ ಗಾಲ್ಟ್‌ಳ ಹೆಸರು ಕಾಣದೇ ಇರಲಿಲ್ಲ. ಕಂಡೂ ಹಾಗೆಂದಿದ್ದಳು.

ಲೊಮ್ಯಾಕ್ಸ್ ಪಟ್ಟಿಯಲ್ಲಿ ಬೆರಳಾಡಿಸಿ ಕೆಂಪು ಪೆನ್ಸಿಲ್ ತೆಗೆದ. "ಕರೆದ್ರೂ ಬರ್ಲಿಲ್ಲ, ಹೇಳೂ ಕಳಿಸ್ಲಿಲ್ಲ. ಈ ವರ್ಷ ಅವಳಿಗೆ ಇದು ಎರಡನೇ ಗೀಟು. ಇನ್ನು ಕಾಸ್ಟಿಂಗ್ ಆಫೀಸಿನವರು ಹೆಸರೇ ತೆಗೀತಾರೆ, ನಾನೇನು ಮಾಡ್ಲಿ?"

ಸುಮ್ಮನಿದ್ದರೆ ಮುಗಿಯಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸುಮ್ಮನಿರುವುದರಲ್ಲಿ ಆರ್ಡಿಸ್‌ಳನ್ನು ಮೀರಿಸಿದವರೂ ಊರಲ್ಲಿ ಇರಲಿಲ್ಲ.

"ಗೀಟು ನನಗೆ ಹಾಕಿ ಸಾರ್" ಎಂದಳು. "ಫೋನು ತಗೊಂಡಿದ್ದು ನಾನು. ಅವಳಿಗೆ ಹೇಳ್ಲಿಲ್ಲ. ಅವಳಿಗೆ ಗೊತ್ತೇ ಇಲ್ಲ."

ಲೊಮ್ಯಾಕ್ಸ್ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ಇನ್ನೊಬ್ಬರ ಕರೆ ಮುಚ್ಚಿಟ್ರೆ ಒಂದು ಗೀಟಲ್ಲಿ ಹೋಗಲ್ಲ, ಗೊತ್ತಾ? ಆರು ತಿಂಗಳು ಎಲ್ಲೂ ಕೆಲ್ಸ ಸಿಗಲ್ಲ."

"ಗೊತ್ತು."

"ಮಿಸೆಸ್ ಬೋಲ್ಟ್ ಮನೆ ನಂಬರ್ ಹೇಳಿ" ಎಂದು ಅವನು ಫೋನಿನ ಕಡೆ ನಡೆದ.

ಆರ್ಡಿಸ್ ಮನೆಗೆ ಬರುವಷ್ಟರಲ್ಲಿ ವೆಲ್ಮಾ ಬಾಚದ ಕೂದಲಲ್ಲೇ ಹೊರಟುಹೋಗಿದ್ದಳು. ಸಂಜೆ ಬಂದು ಗೌನನ್ನು ನೇತುಹಾಕಿ, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ಲೊಮ್ಯಾಕ್ಸ್ ಎಲ್ಲಾ ಹೇಳ್ದ."

"ವೆಲ್ಮಾ, ನಾನು..."

"ಏಳು ವರ್ಷ ಕಣೇ. ನನ್ನ ಬಾಚಣಿಗೆ, ನನ್ನ ಸೂಪು. ಚಾಡಿ ಮಾತ್ರ ನಂದೇ ಅಂತ ಹೆಂಗೆ ಗೊತ್ತಾಯ್ತು ನಿಂಗೆ?"

ಆಮೇಲೆ ಬೇಸಿಗೆಯವರೆಗೂ ವೆಲ್ಮಾ ಆರ್ಡಿಸ್‌ಳೊಡನೆ ನೇರವಾಗಿ ಮಾತಾಡಲಿಲ್ಲ. ಏನಿದ್ದರೂ ಮಿಸೆಸ್ ಬೋಲ್ಟ್ ಮೂಲಕ: "ಹಸಿರು ಗೌನಿನ ಅಮ್ಮಣ್ಣಿಗೆ ಹೇಳಿ, ಕಾಫಿ ಉಕ್ತಾ ಇದೆ." ಕಾಫಿ ಮಾತ್ರ ಇಬ್ಬರಿಗೂ ಆಗುವಷ್ಟು ಇರುತ್ತಿತ್ತು. ಆರ್ಡಿಸ್ ಆ ಆರು ತಿಂಗಳು ಬೀದಿಯ ಕೊನೆಯ ಲಾಂಡ್ರಿಯಲ್ಲಿ ಬಟ್ಟೆ ಒಗೆದಳು, ತಾಯಿಯ ಹಾಗೆಯೇ.

ಬೊಂಬೆ ಮಿನರ್ವಾ ಗಾಲ್ಟ್‌ಗೇ ಬಂತು. ಪತ್ರಿಕೆಯನ್ನು ಮಿಸೆಸ್ ಬೋಲ್ಟ್ ಜೋರಾಗಿ ಓದಿದರು. ಆರ್ಡಿಸ್‌ಗೆ ಖುಷಿಯಾಯಿತು; ಅದರ ಬೆನ್ನಿಗೇ ಯಾರು ಎಣಿಸಿದರೋ, ಯಾವ ಲಕೋಟೆ ತೆರೆದರೋ, ಯಾವುದು ಬಿಟ್ಟರೋ ಎಂಬ ಹುಳವೂ ಹೊಕ್ಕಿತು. ಹುಟ್ಟುಗುಣ. ವೆಲ್ಮಾಳ ವೋಟು ಯಾರಿಗೆ ಬಿದ್ದಿತ್ತೆಂದು ಕೇಳಲು ಬಾಯಿಯವರೆಗೆ ಬಂತು. ಬಂದದ್ದನ್ನು ನುಂಗಿದಳು.

ಬೇಸಿಗೆಯಲ್ಲಿ ಪೊಮೆರಾಯ್‌ನ ಆ ಚಿತ್ರ ಮೂಲೆಯ ಥಿಯೇಟರಿಗೆ ಬಂತು. ವೆಲ್ಮಾ ಹ್ಯಾಟು ಹಾಕಿಕೊಂಡು ಬಾಗಿಲಲ್ಲಿ ನಿಂತು, ಮಿಸೆಸ್ ಬೋಲ್ಟ್ ಇಲ್ಲದ್ದನ್ನು ನೋಡಿ, ಗೋಡೆಗೆ ಹೇಳುವಂತೆ, "ಬರೋರು ಬರಬಹುದು" ಎಂದಳು. ಇಬ್ಬರೂ ಹೋಗಿ ಪಕ್ಕಪಕ್ಕ ಕೂತರು. ಲಿಯೊನೋರಾ ವೇಲ್ ಮೆಟ್ಟಿಲಿಳಿದಳು, ಅತ್ತಳು. ಆಕೆಯ ಭುಜದ ಹಿಂದೆ ಬೀಸಣಿಗೆಯೊಂದು ಇಳಿಯಿತು. ಗೋಡೆಯಗಲದ ಪರದೆಯ ಮೇಲೆ ಒಬ್ಬ ಹೆಂಗಸು ಕತ್ತು ತಿರುಗಿಸಿ, ಕಣ್ಣು ಕಿರಿದು ಮಾಡಿ, ಇವರಿಬ್ಬರನ್ನೇ ನೋಡಿದಳು. ಹಸಿರು ಗೌನು ಅಲ್ಲಿ ಬೂದಿಯ ಬಣ್ಣಕ್ಕಿತ್ತು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಅಬ್ಬಾ, ಯಾರೇ ಆ ಹೆಂಗ್ಸು, ಕಳ್ಳನ್ನ ಕಂಡಂಗೆ ನೋಡ್ತಾಳೆ!"

ವೆಲ್ಮಾ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: "ಯಾರನ್ನೇ ಹಂಗೆ ನೋಡ್ತಿದ್ದೆ?"

"ನಿನ್ನನ್ನೇ ಕಣೇ" ಎಂದಳು ಆರ್ಡಿಸ್.