ನನ್ನ ಗಂಟಲು ಕಟ್ಟಿದ ದಿನ

ಕಾರಿನಲ್ಲಿ ಚಾಲಕನ ಪಕ್ಕ ಕೂತು ಅವನಿಗೆ ರಸ್ತೆಯನ್ನು ವಿವರಿಸುವುದು ಮೈಸೂರಿನ ನಮ್ಮ ವಂಶದಲ್ಲಿ ಒಂದು ಗೌರವದ ಹುದ್ದೆಯಾಗಿತ್ತು. ನಮ್ಮಲ್ಲಿ ಯಾರೊಬ್ಬರಿಗೂ ಕಾರು ಓಡಿಸಲು ಬರುತ್ತಿರಲಿಲ್ಲ. ಆದರೂ ಬಾಡಿಗೆ ಟ್ಯಾಕ್ಸಿ ಹೊರಟದ್ದೇ ತಡ, ತಂದೆ, ಚಿಕ್ಕಪ್ಪ, ಸೋದರತ್ತೆ ಎಲ್ಲರೂ ‘ಎಮ್ಮೆ ಬಂತು ನೋಡ್ಕೊಳಪ್ಪ’, ‘ಮುಂದೆ ತಿರುವಿದೆ, ನಿಧಾನ’ ಎಂದು ಆಜ್ಞೆ ಹೊರಡಿಸುತ್ತಿದ್ದರು. ಈ ವಿದ್ಯೆಯನ್ನು ನಾನು ತೊಂಬತ್ತರ ದಶಕದಲ್ಲಿ ಅಮೆರಿಕದ ವರ್ಜೀನಿಯಾದ ಹರ್ನ್‌ಡನ್ನಿಗೂ ಒಯ್ದೆ.

ಅಲ್ಲಿ ನನ್ನ ಹೆಂಡತಿ ಮೊದಲ ಯತ್ನದಲ್ಲೇ ಲೈಸೆನ್ಸ್ ಪಡೆದಳು. ನಾನು ಫೇಲಾದೆ. ಪಕ್ಕದಲ್ಲಿ ಕೂತ ಪರೀಕ್ಷಕರು ಬೆವರಿದ್ದನ್ನು ಕಂಡು, ಲೋಕಕಲ್ಯಾಣಾರ್ಥವಾಗಿ ಆ ಪ್ರಯತ್ನವನ್ನೇ ಕೈಬಿಟ್ಟೆ. ಹೆಂಡತಿಯ ಆಫೀಸು ಬೇರೆ ದಿಕ್ಕಿನಲ್ಲಿತ್ತು. ಹೀಗಾಗಿ ನನ್ನನ್ನು ಕೆಲಸಕ್ಕೆ ಕರೆದೊಯ್ಯುವ ಹೊಣೆ ಪಕ್ಕದ ಮನೆಯ ಸ್ಲೊವಾಕಿಯಾದ ಹಿರಿಯರ ಪಾಲಿಗೆ ಬಂತು.

ಅವರು ವಿಮಾನ ನಿಲ್ದಾಣದ ಬಳಿ ಬಾಡಿಗೆ ಕಾರುಗಳನ್ನು ತೊಳೆಯುವ ಕೆಲಸದಲ್ಲಿದ್ದರು. ಒಂದು ಕಾಲಕ್ಕೆ ತಮ್ಮ ದೇಶದ ಹೆಸರಾಂತ ರ‍್ಯಾಲಿ ಚಾಲಕರು. ಅವರ ಇಂಗ್ಲಿಷೂ ನನ್ನದೂ ಎರವಲು ತಂದದ್ದೇ ಆದ್ದರಿಂದ ನಮಗೆ ಪರಸ್ಪರ ಚೆನ್ನಾಗಿ ಅರ್ಥವಾಗುತ್ತಿತ್ತು. ಟ್ರಾಕ್ಟರ್ ರಿಪೇರಿ ಶೆಡ್ಡಿನಲ್ಲಿ ಕೆಲಸ ಕಲಿತವರು, ಅಲ್ಲೇ ಹಳೆಯ ಕಾರೊಂದನ್ನು ಬಿಚ್ಚಿ ಕಟ್ಟಿ ಪೈನ್ ಕಾಡುಗಳ ಮಣ್ಣುದಾರಿಯಲ್ಲಿ, ಹಿಮದಲ್ಲಿ, ರೇಸಿಗೆ ಇಳಿದರಂತೆ. ಅವರು ಗೆದ್ದ ದೇಶದ ಪ್ರಶಸ್ತಿಯ ಬಟ್ಟಲು ನಡುಮನೆಯ ಟಿ.ವಿ. ಮೇಲಿತ್ತು. ‘ಗೆದ್ದಾಗ ನಮ್ಮದು ಒಂದೇ ದೇಶ. ಈಗ ಎರಡಾಗಿದೆ. ಇದರಲ್ಲಿ ಹಿಡಿಕೆ ಯಾರದು, ತಳ ಯಾರದು ಅಂತ ಇನ್ನೂ ತೀರ್ಮಾನ ಆಗಿಲ್ಲ’ ಎಂದು ಅವರು ಗಂಭೀರವಾಗಿ ಹೇಳುತ್ತಿದ್ದರು.

ರ‍್ಯಾಲಿಯಲ್ಲಿ ಚಾಲಕನ ಪಕ್ಕ ಇನ್ನೊಬ್ಬರು ಇರುತ್ತಾರೆ. ಮುಂದಿನ ತಿರುವು ಎಂಥದು, ಎಷ್ಟು ಕಡಿದು ಎಂದು ಅವರು ಕೂಗಿ ಹೇಳಬೇಕು. ಚಾಲಕ ತನಗಿನ್ನೂ ಕಾಣದ ತಿರುವಿಗೆ ಆ ಮಾತು ನಂಬಿ ಗಾಡಿ ತಿರುಗಿಸಬೇಕು. ಇವರಿಗೆ ಹಾಗೆ ಹೇಳುತ್ತಿದ್ದವರು ಅವರ ಹೆಂಡತಿ. ಆಕೆ ತೀರಿಕೊಂಡ ಮೇಲೆ ಇವರು ಅಮೆರಿಕಕ್ಕೆ ಬಂದದ್ದು.

‘ಅವಳು ಹೋದಳು. ಉಳಿದದ್ದು ಇದೊಂದು’ ಎಂದು ಒಂದು ಬೆಳಿಗ್ಗೆ ದಾರಿಯಲ್ಲಿ ಸ್ಟಿಯರಿಂಗ್ ತಟ್ಟಿದರು. ‘ಇದೂ ಹೋದರೆ ನಾನು ಕಾರು ತೊಳೆಯುವ ಒಬ್ಬ ಮುದುಕ, ಅಷ್ಟೇ.’

ಅಂಥವರಿಗೆ ನಾನು ದಿನವೂ ಟೋಲ್ ರೋಡಿನಲ್ಲಿ ‘ಎಡಗಡೆ ಟ್ರಕ್ಕು’, ‘ಮುಂದೆ ಬ್ರೇಕ್ ದೀಪ’, ‘ಬಲಗಡೆಯಿಂದ ಒಬ್ಬ ನುಗ್ತಾ ಇದಾನೆ’ ಎಂದು ಉಪದೇಶ ಮಾಡುತ್ತಿದ್ದೆ. ಅವರು ಒಂದು ದಿನವೂ ಬೇಸರಿಸಲಿಲ್ಲ. ‘ಹೇಳಿ, ಹೇಳಿ’ ಎನ್ನುತ್ತಿದ್ದರು. ನನ್ನ ವಂಶದ ಕಲೆಗೆ ಕೊನೆಗೂ ರಸಿಕರೊಬ್ಬರು ಸಿಕ್ಕರೆಂದು ನಾನು ಉಬ್ಬಿಹೋದೆ.

ಒಂದು ಸೋಮವಾರ ನನಗೆ ಗಂಟಲು ಕಟ್ಟಿ ಸ್ವರವೇ ಹೊರಡಲಿಲ್ಲ. ಸನ್ನೆ ಮಾಡಿ ತಿಳಿಸಿ ಕಾರಿನಲ್ಲಿ ಕೂತೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಗೆರೆ ಬಿಟ್ಟು ಸರಿಯತೊಡಗಿತು. ಪಕ್ಕದ ಲೇನಿನ ಟ್ರಕ್ಕಿಗೆ ಇನ್ನೇನು ತಾಗಬೇಕು, ಅದು ಹಾರ್ನ್ ಬಾರಿಸಿತು. ಅವರು ಹೇಗೋ ರಸ್ತೆಯಂಚಿಗೆ ತಂದು ನಿಲ್ಲಿಸಿದರು.

‘ಇವತ್ತು ಹೋಗಲಾಗದು’ ಎಂದರು. ‘ನೀವು ಮಾತಾಡುತ್ತಿಲ್ಲ.’

ಯಾಕೆಂದು ಸನ್ನೆಯಲ್ಲೇ ಕೇಳಿದೆ.

‘ಪಕ್ಕದ್ದು ಕಾಣುವುದಿಲ್ಲ. ಕೊಳವೆಯೊಳಗಿಂದ ನೋಡಿದ ಹಾಗೆ ನಟ್ಟನಡುವೆ ಅಷ್ಟೇ. ಡಾಕ್ಟರು ಚಳಿಗಾಲದಲ್ಲೇ ಹೇಳಿದ್ದರು, ಓಡಿಸಬೇಡ ಅಂತ. ಆಮೇಲೆ ನೀವು ಬಂದು ಪಕ್ಕದಲ್ಲಿ ಕೂತಿರಿ. ತಿರುವು, ಟ್ರಕ್ಕು, ದೀಪ, ಎಲ್ಲ ಹೇಳಿದಿರಿ. ಅವಳೇ ಕಳಿಸಿದಳು ಅಂದುಕೊಂಡೆ.’

ಅವರು ಕಾರಿನ ಬೀಗದ ಕೈ ತೆಗೆದು ನನ್ನ ಅಂಗೈಯಲ್ಲಿಟ್ಟರು. ದೇಶದ ಪ್ರಶಸ್ತಿ ಗೆದ್ದವರು ಲೈಸೆನ್ಸ್ ಪರೀಕ್ಷೆಯಲ್ಲಿ ನಪಾಸಾದವನಿಗೆ ಅಧಿಕಾರ ಹಸ್ತಾಂತರಿಸಿದ ಆ ಸಮಾರಂಭಕ್ಕೆ ಹಾದುಹೋಗುವ ಟ್ರಕ್ಕುಗಳೇ ಸಾಕ್ಷಿ.

ಹತ್ತಿರದ ಟೋಲ್ ಗೇಟಿಗೆ ನಡೆದು, ಅಲ್ಲಿನವರ ಫೋನಿನಿಂದ ಅವರೇ ನನ್ನ ಹೆಂಡತಿಯನ್ನು ಕರೆಸಿದರು. ಹಿರಿಯರ ಕಾರನ್ನು ತಾನೇ ಓಡಿಸಬೇಕಾಗುತ್ತದೆಂದು ಅವಳು ಆಫೀಸಿನ ಯಾರನ್ನೋ ಬೇಡಿ, ಆ ಸಹೋದ್ಯೋಗಿಯ ಕಾರಿನಲ್ಲಿ ಬಂದಿಳಿದು, ವಿಷಯ ಕೇಳಿ ನನ್ನ ಕಡೆ ತಿರುಗಿದಳು.

‘ದಾರಿಯುದ್ದಕ್ಕೂ ತಲೆ ತಿಂತೀರ ಅಂತ ಬೈತಿದ್ನಲ್ಲ, ಇಷ್ಟು ದಿನ ನೀವು ಜೀವಂತ ಇರೋದೇ ಆ ಬಾಯಿಂದ ಕಣ್ರೀ!’ ಎಂದಳು. ಆಮೇಲೆ ಮೆತ್ತಗೆ, ‘ಪಾಪ, ಅಂಕಲ್‌ನ ಮುಂದೆ ಕೂರಿಸ್ರಿ’ ಎಂದಳು.

ಅವರು ಒಪ್ಪಲಿಲ್ಲ. ತಾವೇ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ತಮ್ಮದೇ ಕಾರಿನಲ್ಲಿ ಎಂದೂ ಕೂರದ ಜಾಗ ಅದು. ಬೆಲ್ಟಿನ ಕೊಂಡಿಗಾಗಿ ತಡಕಾಡಿದರು. ನನ್ನ ಹೆಂಡತಿ ಬಗ್ಗಿ ಅದನ್ನು ಹಾಕಿದಳು. ಮಗುವಿಗೆ ಹಾಕಿದ ಹಾಗೆ ಕಂಡಿತು. ನಾನು ಕಿಟಕಿಯಾಚೆ ನೋಡಿದೆ.

ಆಮೇಲೆ ಮನೆ ಹಿಂದಿನ ಖಾಲಿ ಪಾರ್ಕಿಂಗಿನಲ್ಲಿ ಅವರೇ ನನಗೆ ಕಾರು ಕಲಿಸಿದರು. ‘ಬಾಯಿಗೆ ರಜೆ ಕೊಡಿ, ಕೈಗೆ ಕೆಲಸ ಕೊಡಿ’ ಎಂಬುದೇ ಪಠ್ಯಕ್ರಮ. ನಾನು ಪಾಸಾದೆ. ಅವರು ಸಂತೋಷಪಟ್ಟರು, ಆದರೆ ಪ್ರತಿ ಪಾಠ ಮುಗಿದಾಗಲೂ ಬೀಗದ ಕೈ ನನ್ನ ಬಳಿಯೇ ಉಳಿಯುವುದನ್ನು ನೋಡಿ ಮುಖ ತಿರುಗಿಸುತ್ತಿದ್ದರು.

ಅವರ ಕಣ್ಣು ಪೂರ್ತಿ ಮಬ್ಬಾಗುವ ಹೊತ್ತಿಗೆ ಕ್ಯಾರೊಲಿನಾದ ಶಾರ್ಲೆಟ್‌ನಲ್ಲಿದ್ದ ಮಗಳು ಅಪ್ಪನನ್ನು ತನ್ನ ಮನೆಗೆ ಕರೆದಳು. ಅವರದೇ ಕಾರಿನಲ್ಲಿ ಕರೆದೊಯ್ದವನು ನಾನು. ಅವರು ಪಕ್ಕದ ಸೀಟಿನಲ್ಲಿದ್ದರು, ಬಟ್ಟಲು ಅವರ ತೊಡೆಯ ಮೇಲಿತ್ತು. ರಿಚ್‌ಮಂಡ್ ದಾಟಿತು.

‘ದಾರಿ ಹೇಗಿದೆ?’ ಎಂದು ಕೇಳಿದರು.

‘ನೇರವಾಗಿದೆ.’

‘ಮುಂದೆ?’

‘ಮುಂದೆಯೂ ನೇರ.’

‘ಇಂಥ ದಾರಿಗೆ ನನ್ನ ಹೆಂಡತಿ ಬರುತ್ತಲೇ ಇರಲಿಲ್ಲ’ ಎಂದರು.

ಅಮೆರಿಕದ ಹೆದ್ದಾರಿಗಳನ್ನು ಕಟ್ಟಿದವರಿಗೆ ತಿರುವುಗಳ ಮೇಲೆ ಏನು ದ್ವೇಷವೋ ತಿಳಿಯದು. ಕ್ಯಾರೊಲಿನಾದ ಗಡಿ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ‘ಎಡಕ್ಕೆ ಕಡಿದಾದ ತಿರುವು’ ಎಂದೆ. ಕಾರು ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು.

ಅವರು ಎಡಕ್ಕೆ ವಾಲಿದರು. ಬಲಗಾಲು ಮ್ಯಾಟನ್ನು ಒತ್ತಿತು.

‘ಇಳಿಜಾರು. ಕಿರುಸೇತುವೆ. ಆಚೆ ಹಿಮ.’

ಒಂದು ಕೈ ಬಟ್ಟಲನ್ನು ಬಿಟ್ಟು ಗೇರ್ ಇರುವ ಕಡೆ ಬಂತು, ನನ್ನ ಮೊಣಕೈ ತಾಗಿ ಹಿಂದಕ್ಕೆ ಹೋಯಿತು.

‘ತಿರುವಿನಲ್ಲಿ ನೀವು ಬ್ರೇಕ್ ಒತ್ತಲಿಲ್ಲ’ ಎಂದರು.

‘ಬೇಕಾಗಲಿಲ್ಲ’ ಎಂದೆ.

‘ಅವಳೂ ಒತ್ತಲು ಬಿಡುತ್ತಿರಲಿಲ್ಲ.’ ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚಿದರೂ ತೆರೆದರೂ ಅವರಿಗೆ ಆಗ ಹೆಚ್ಚು ವ್ಯತ್ಯಾಸವಿರಲಿಲ್ಲ. ‘ಮುಂದೆ?’

ಶಾರ್ಲೆಟ್ ಇನ್ನೂ ದೂರವಿತ್ತು. ‘ಬಲಕ್ಕೆ’ ಎಂದೆ, ನೇರವಾದ ದಾರಿಯನ್ನು ನೋಡುತ್ತ.