ಸಭೆಯವರ ಎದುರೇ ಹಾಕಿದ ಲೋಡ್ ಬ್ಯಾಲೆನ್ಸರ್

ಪುತ್ತೂರಿನಲ್ಲಿ ರಬ್ಬರ್ ಶೀಟ್ ಖರೀದಿಸುವ ಸಂಸ್ಥೆಯೊಂದರ ಕಂಪ್ಯೂಟರ್ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೆ. ಬೆಳಿಗ್ಗೆ ಎಲ್ಲ ಶಾಖೆಗಳೂ ಒಟ್ಟಿಗೆ ತೂಕ ದಾಖಲಿಸುವಾಗ ಇದ್ದ ಒಂದೇ ಸರ್ವರ್ ನಿಂತೇಬಿಡುತ್ತಿತ್ತು. ಕೆಲಸವನ್ನು ಎರಡು ಸರ್ವರ್‌ಗಳಿಗೆ ಹಂಚಿಕೊಡುವ ಲೋಡ್ ಬ್ಯಾಲೆನ್ಸರ್ ಬೇಕಿತ್ತು. ಉಚಿತವಾಗಿ ಸಿಗುವ ತಂತ್ರಾಂಶವೊಂದನ್ನು ತಿಂಗಳುಗಟ್ಟಲೆ ಪರೀಕ್ಷಿಸಿ ಸಭೆಯ ಮುಂದಿಟ್ಟೆ.

ಮ್ಯಾನೇಜರ್ ನಕ್ಕರು. "ಧರ್ಮಕ್ಕೆ ಸಿಕ್ಕಿದ್ದನ್ನು ನಂಬಿ ವ್ಯಾಪಾರ ಮಾಡುದಾ? ಇವರಿಗೆ ಎಂತ ಗೊತ್ತುಂಟು ಮಾರಾಯ್ರೆ?" ಎಂದು ಎಲ್ಲರ ಎದುರು ಹೇಳಿ, ತಮ್ಮ ಪರಿಚಯದವರಿಂದ ಅದೇ ಕೆಲಸ ಮಾಡುವ ದುಬಾರಿ ಯಂತ್ರವೊಂದನ್ನು ತರಿಸಿದರು.

ಆದರೂ ನಾನು ನನ್ನ ತಂತ್ರಾಂಶವನ್ನು ಅಳಿಸದೆ ಹಳೆಯ ಕಂಪ್ಯೂಟರೊಂದರಲ್ಲಿ ಸಿದ್ಧವಾಗಿಟ್ಟೆ.

ಮಳೆಗಾಲ ಮುಗಿದು ಖರೀದಿ ಜೋರಾಗಿದ್ದ ಒಂದು ಸೋಮವಾರ ಆ ಯಂತ್ರ ಕೆಟ್ಟಿತು. ಗುತ್ತಿಗಾರು ಶಾಖೆಯಲ್ಲಿ ತೂಕ ದಾಖಲಾಗದೆ ಬೆಳೆಗಾರರ ಸಾಲು ರಸ್ತೆಯವರೆಗೆ ಬಂದಿತ್ತು. ಮ್ಯಾನೇಜರ್ ನನ್ನ ಮೇಜಿನ ಬಳಿ ಬಂದು, "ನಿಮ್ಮದು ಉಂಟಲ್ಲ, ಅದನ್ನೊಮ್ಮೆ ಹಾಕಿ" ಎಂದರು.

"ಅವತ್ತು ಸಭೆಯಲ್ಲಿದ್ದವರನ್ನು ಕರೀರಿ ಸರ್. ಅವರ ಎದುರು ಕೇಳಿ, ಹಾಕ್ತೇನೆ."

ಅವರು ಎಲ್ಲರನ್ನೂ ಕರೆದು, ಅಂದು ತಾವು ಹೇಳಿದ್ದು ತಪ್ಪು ಎಂದು, ನನ್ನದನ್ನೇ ಹಾಕಲು ಕೇಳಿದರು. ಅವರ ಕಿವಿ ಕೆಂಪಾಗುವುದನ್ನು ನೋಡುತ್ತಾ ನಾನು ನಿಧಾನವಾಗಿ ಚಹಾ ಮುಗಿಸಿದೆ. ಆಮೇಲೆ ಎರಡೇ ನಿಮಿಷದಲ್ಲಿ ಎಲ್ಲ ಶಾಖೆಗಳಲ್ಲೂ ಕೆಲಸ ಶುರುವಾಯಿತು.

ಬಿಸಿಲಲ್ಲಿ ಕಾದ ಆ ಬೆಳೆಗಾರರನ್ನು ನೆನೆದಾಗ ಬೇಸರವಾಗುತ್ತದೆ. ಮ್ಯಾನೇಜರನ್ನು ನೆನೆದಾಗ ಇವತ್ತಿಗೂ ಖುಷಿಯೇ ಆಗುತ್ತದೆ.