ಒಂದು ಜೊತೆ ಕೈಗವಸು ಉಳಿದಾಗ

ಬೆಳಗಿನ ಆರು ಗಂಟೆ. ವ್ಯಾನು ಬೆಟ್ಟದ ಸುರಂಗಕ್ಕೆ ನುಗ್ಗುವಾಗ ಲೊರೆತಾ ಚಿಫಾನಿಯ ಕಾಲು ಒಂದೇ ಸಮನೆ ಕುಣಿಯುತ್ತಿದೆ. ಅವಳ ಬಗ್ಗೆ ಬರೆಯಲು ಬಂದ ನಾನು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತೇನೆ. "ಇವತ್ತು ಮುಚ್ಚಳ ಹಾಕ್ತಾರೆ. ಹಾಕಿದ್ರೆ ಐದು ವರ್ಷ ತೆಗೆಯಲ್ಲ. ನೀನು ಸುಮ್ನೆ ಕೂತ್ಕೋ" ಎಂದು ನನ್ನನ್ನೇ ಗದರುತ್ತಾಳೆ.

ಐವತ್ತೆಂಟರ ಲೊರೆತಾ ತಾಮ್ರ ತೊಳೆಯುವವಳು. ಸಾವಿರದ ನಾನೂರು ಮೀಟರ್ ಬಂಡೆಯ ಕೆಳಗೆ, ಆಕಾಶದಿಂದ ಸುರಿಯುವ ಕಣಗಳ ಗದ್ದಲ ಮುಟ್ಟದ ಜಾಗದಲ್ಲಿ, ವಿಜ್ಞಾನಿಗಳು ಹರಳುಗಳಿಗೆ ಕಿವಿಗೊಟ್ಟು ಕೂರುತ್ತಾರೆ. ಅವುಗಳೊಳಗೆ ಒಂದೇ ಒಂದು ಪರಮಾಣು ಅವರು ಊಹಿಸಿದಂತೆ ಸಿಡಿದರೂ, ಜಗತ್ತು ಹುಟ್ಟಿದ ಗಳಿಗೆಯಲ್ಲಿ ಎಲ್ಲವೂ ಅಳಿದುಹೋಗದೆ ನಾವು ಹೇಗೆ ಉಳಿದೆವು ಎಂಬುದಕ್ಕೆ ಸುಳಿವು ಸಿಗುತ್ತದೆ. ಆ ಹರಳುಗಳ ಸುತ್ತ ನಲವತ್ತು ತಾಮ್ರದ ತಗಡು, ಎಲ್ಲದರ ಮೇಲೊಂದು ಮುಚ್ಚಳ. ಬೆವರಿನ ಉಪ್ಪಿನಲ್ಲೂ ಚೂರು ವಿಕಿರಣವಿರುತ್ತದೆ. ಒಂದು ಬೆರಳು ತಾಗಿದರೂ ಅದರ ಸದ್ದೇ ಕೇಳುತ್ತದೆ. ಬಾಳೆಹಣ್ಣಿನಲ್ಲೂ ಅದಿದೆ; ಅದನ್ನು ತಿಂದ ಕೈಯಲ್ಲಿ ಬಂದವನನ್ನು ಲೊರೆತಾ ಬಾಗಿಲಿನಿಂದಲೇ ಓಡಿಸುತ್ತಾಳೆ.

ಮೊದಲು ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ಭೂಕಂಪದಲ್ಲಿ ಹೋಟೆಲು ಬಿತ್ತು, ಗಂಡನ ಸೊಂಟವೂ ಮುರಿಯಿತು. ಹದಿನಾರು ವರ್ಷದಿಂದ ಇಲ್ಲಿ, ವರ್ಷವರ್ಷದ ಗುತ್ತಿಗೆಯ ಮೇಲೆ. ಸೋಪು, ಆಮ್ಲ, ನಿಂಬೆ ಉಪ್ಪಿನ ನೀರು ಎಲ್ಲ ಸೇರಿ ತಗಡೊಂದಕ್ಕೆ ಅರ್ಧ ಗಂಟೆ. ಪ್ರತಿ ತಗಡಿಗೂ ಹೊಸ ಕೈಗವಸು. ನಲವತ್ತು ತಗಡಿಗೆ ನಲವತ್ತು ಜೊತೆ ಅವಳೇ ಎಣಿಸಿ ಇಟ್ಟಿರುತ್ತಾಳೆ.

ಎರಡು ದಿನದಿಂದ ತೊಳೆಯುತ್ತಿದ್ದ ನಲವತ್ತರಲ್ಲಿ ಕೊನೆಯ ತಗಡು ಎಂಟರ ಹೊತ್ತಿಗೆ ಮುಗಿಯುತ್ತದೆ. ಪೆಟ್ಟಿಗೆಯಲ್ಲಿ ಒಂದು ಜೊತೆ ಉಳಿದಿದೆ.

ಅಂದರೆ ಯಾವುದೋ ಒಂದು ತಗಡನ್ನು ಹಳೇ ಕೈಗವಸಿನಲ್ಲೇ ಹಿಡಿದಿದ್ದಾಳೆ. ಆ ಕೈಗವಸು ಅಷ್ಟರಲ್ಲಿ ಹುಬ್ಬು ಒರೆಸಿತ್ತೋ ಏನೋ. ಯಾವ ತಗಡೆಂದು ಅವಳಿಗೂ ಗೊತ್ತಿಲ್ಲ. ಬೇರೆ ಯಾರೂ ನೋಡಿಲ್ಲ. ಉಳಿದದ್ದನ್ನು ಜೇಬಿಗಿಳಿಸಿದ್ದರೆ ಮುಗಿಯುತ್ತಿತ್ತು. ಲೊರೆತಾ ಆ ಪುಟ್ಟ ಕೋಣೆಯಲ್ಲಿ ಅತ್ತಿಂದಿತ್ತ ಐದಾರು ಸಲ ತಿರುಗುತ್ತಾಳೆ. ಆಮೇಲೆ ನೇರ ಪ್ರಯೋಗದ ಮುಖ್ಯಸ್ಥ ಪ್ರೊಫೆಸರ್ ಐವೊನ ಬಳಿ ನಡೆಯುತ್ತಾಳೆ. ಈ ತಿಂಗಳು ಅವಳ ಗುತ್ತಿಗೆ ಮುಂದುವರಿಸಲು ಸಹಿ ಹಾಕಬೇಕಾದವನೂ ಅವನೇ.

"ಪ್ರೊಫೆಸರೇ, ನಿಲ್ಸಿ. ನಲವತ್ತೂ ಮತ್ತೆ ತೊಳೀಬೇಕು."

"ತಲೆ ಕೆಟ್ಟಿದೆಯಾ ಲೊರೆತಾ? ರೋಮಿನಿಂದ ದೊಡ್ಡೋರು ಬಂದು ಕೂತಿದ್ದಾರೆ!"

"ಕಾಫಿ ಕೊಡಿ ಅವರಿಗೆ."

"ಒಂದು ಜೊತೆ ಕೈಗವಸಿಗೆ ಎರಡು ದಿನ ಹಾಳು! ನೀನು ಬಾಯಿ ಮುಚ್ಕೊಂಡಿದ್ರೆ ಯಾರಿಗೆ ಗೊತ್ತಾಗ್ತಿತ್ತು, ತಾಯಿ?"

"ನಾಲ್ಕು ವರ್ಷ ಬಿಟ್ಟು ಟಿಕ್ ಅಂತ ಒಂದು ಸದ್ದು ಬರುತ್ತೆ. ಬ್ರಹ್ಮಾಂಡ ಮಾತಾಡ್ತು ಅಂತ ನೀವು ಕುಣೀತೀರಿ. ನೋಡಿದ್ರೆ ಅದು ನನ್ನ ಹುಬ್ಬಿನ ಬೆವರು!"

ಐವೊ ಕಡತವನ್ನು ಮೇಜಿಗೆ ಬಡಿದು ಹೊರಡುತ್ತಾನೆ. ಆದರೆ ಮುಚ್ಚಳ ಹಾಕುವುದು ನಿಲ್ಲುತ್ತದೆ.

ಮರುದಿನ ಸಂಜೆ, ನಲವತ್ತೂ ಮತ್ತೆ ತೊಳೆದಾದ ಮೇಲೆ, ಲೊರೆತಾ ಹೊಸದಾಗಿ ಎಣಿಸಿಟ್ಟಿದ್ದ ಕೈಗವಸಿನ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ತೋರಿಸುತ್ತಾಳೆ. ಖಾಲಿ. ಮುಚ್ಚಳ ಬೀಳುತ್ತದೆ, ಚಪ್ಪಾಳೆ ಏಳುತ್ತದೆ. ಗುತ್ತಿಗೆಯ ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಗೋಡೆಯ ಫಲಕದಲ್ಲಿ ಪ್ರಯೋಗಕ್ಕೆ ದುಡಿದ ಇನ್ನೂರ ಹನ್ನೆರಡು ಹೆಸರುಗಳಿವೆ. ಅವಳದಿಲ್ಲ. ನನಗೆ ಮೈಯೆಲ್ಲ ಉರಿಯುತ್ತದೆ. ಇನ್ನೂರ ಹದಿಮೂರನೆಯದು ಬರೆಯಲು ಇವರಿಗೆ ಶಾಯಿ ಸಾಲಲಿಲ್ಲವೇ? ಹಾಗೆಂದು ಅಲ್ಲೇ ಗಟ್ಟಿಯಾಗಿ ಕೇಳಿಬಿಡುತ್ತೇನೆ.

ಲೊರೆತಾ ನನ್ನ ತೋಳು ಹಿಡಿದು ವ್ಯಾನಿನತ್ತ ಎಳೆಯುತ್ತಾಳೆ.

"ಕೂಗಾಡ್ಬೇಡ ಮಾರಾಯ. ಅವನು ಸಹಿ ಹಾಕ್ಲಿ, ಅಷ್ಟು ಸಾಕು. ಆ ಮುಚ್ಚಳದ ಕೆಳಗೆ ನಂದು ಅನ್ನೋದು ಏನೂ ಇರಬಾರದು. ಅದೇ ಅಲ್ವಾ ನನ್ನ ಕೆಲಸ?"